ಸಾವೇ ಇಲ್ಲದ ಬಡಾವಣೆ

ಜನನ ಮರಣ ಅಂಕಿಅಂಶ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ, ಬ್ಯಾಟರಿ ಕಾರ್ಖಾನೆಯ ಹಿಂದಿನ ಬಡಾವಣೆಯಲ್ಲಿ ಕಳೆದ ವರ್ಷ ಸಾವು ಬಹುತೇಕ ಆಗಿಯೇ ಇಲ್ಲ ಎಂದು ನಿಮ್ಮ ವರದಿ ಸಾರಿದೆ. ಅದನ್ನೇ ನೆಪ ಮಾಡಿಕೊಂಡು ಸರ್ಕಾರದವರು ಅಲ್ಲಿದ್ದ ಒಂದೇ ಒಂದು ಚಿಕಿತ್ಸಾಲಯಕ್ಕೆ ಬೀಗ ಜಡಿದಿದ್ದಾರೆ. ಅಭಿನಂದನೆಗಳು. ವೈದ್ಯರ ಕೈಲಿ ಆಗದ್ದನ್ನು ನೀವು ಕುರ್ಚಿ ಬಿಟ್ಟೇಳದೆ ಸಾಧಿಸಿದ್ದೀರಿ.

ನಿಮ್ಮ ಕೈಚಳಕ ಈ ಬಹಿರಂಗ ಪತ್ರದ ಓದುಗರಿಗೂ ತಿಳಿಯಲಿ. ಆ ಬಡಾವಣೆಯವರು ಕಾಯಿಲೆ ಉಲ್ಬಣಿಸಿದಾಗ ಹೊಳೆಯಾಚೆಯ ದೊಡ್ಡಾಸ್ಪತ್ರೆಗೆ ಹೋಗುತ್ತಾರೆ, ಅಲ್ಲೇ ಕಣ್ಣು ಮುಚ್ಚುತ್ತಾರೆ. ಸಾವು ನೋಂದಣಿಯಾಗುವುದು ಆಸ್ಪತ್ರೆಯ ಬೀದಿಯ ಹೆಸರಿನಲ್ಲಿ. ಅದನ್ನು ಸತ್ತವರ ಮನೆಯ ವಿಳಾಸಕ್ಕೆ ಮರಳಿಸುವುದೇ ಜನಸಂಖ್ಯೆ ಅಧ್ಯಯನ ಮಾಡುವ ನನ್ನಂಥವರ ಕೆಲಸ. ಈ ವರ್ಷ ಅದನ್ನು ‘ಅನಗತ್ಯ ವಿಳಂಬ’ವೆಂದು ಕೈಬಿಟ್ಟಿರಿ. ಸೀಸದ ಹೊಗೆ ಕುಡಿದವರೆಲ್ಲ ರಾತ್ರೋರಾತ್ರಿ ಆರೋಗ್ಯವಂತರಾದರು. ಆಸ್ಪತ್ರೆ ಎದುರಿನ ಹೂವಿನಂಗಡಿಯವನು ಪಾಪ, ಸಾವಿನ ಕೂಪದ ನಿವಾಸಿಯಾದ. ಕಾರ್ಖಾನೆಯವರು ನಿಮ್ಮ ವರದಿಯ ಪುಟಕ್ಕೆ ಚೌಕಟ್ಟು ಹಾಕಿಸಿ ಗೇಟಿಗೆ ತೂಗುಹಾಕಿದ್ದಾರೆ. ಇದು ಕಣ್ತಪ್ಪೆಂದು ನಂಬಲು ನನ್ನ ಕಿವಿಗೇನು ಹೂವಿಟ್ಟಿದ್ದೀರಾ?

ಸಾವನ್ನು ಮನೆಯ ವಿಳಾಸಕ್ಕೆ ಮರಳಿಸುವ ವಿದ್ಯೆ ನನಗೆ ಕಲಿಸಿದವರು ಯಾರು? ನೀವೇ. ಕಿರುಗುಟ್ಟುವ ಫ್ಯಾನಿನ ಆ ಕೋಣೆಯಲ್ಲಿ, ನಾನು ಕೆಲಸಕ್ಕೆ ಸೇರಿದ ದಿನ ಹೇಳಿದ್ದಿರಿ: “ಎಲ್ಲಿ ಸತ್ರು ಅಂತ ಯಾರು ಬೇಕಾದ್ರೂ ಹೇಳ್ತಾರೆ. ಎಲ್ಲಿ ಬದುಕಿದ್ರು ಅಂತ ನೀನು ಕೇಳಮ್ಮ.” ಆ ಮಾತನ್ನು ನಂಬಿ ಸಾವಾದ ಮನೆಗಳ ಬಾಗಿಲು ತಟ್ಟಿದೆ, ಬೈಸಿಕೊಂಡೆ, ಅಳುವವರ ಪಕ್ಕ ಕೂತೆ. ನನ್ನ ಇಡೀ ವೃತ್ತಿಜೀವನ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ನನ್ನಣ್ಣ ಆ ಬಡಾವಣೆಯವನು. ಅದೇ ಕಾರ್ಖಾನೆಯಲ್ಲಿ ಸೀಸ ಕರಗಿಸುತ್ತಿದ್ದ. ಕಳೆದ ವರ್ಷ ಮೂತ್ರಪಿಂಡ ಕೆಟ್ಟು ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡ. ಅವನ ಮಗಳ ರಕ್ತದಲ್ಲೂ ಸೀಸವಿದೆ. ಅವಳ ತಪಾಸಣೆ ನಡೆಯುತ್ತಿದ್ದುದು ಈಗ ಬೀಗ ಬಿದ್ದಿರುವ ಆ ಚಿಕಿತ್ಸಾಲಯದಲ್ಲೇ. ವರದಿ ಬಂದ ವಾರ ಅತ್ತಿಗೆಯನ್ನು ನೋಡಲು ಹೋಗಿದ್ದೆ.

“ನಮ್ಮ ಬೀದೀಲಿ ಯಾರೂ ಸಾಯೋದೇ ಇಲ್ಲ ಅಂತ ನಿಮ್ಮಾಫೀಸಿನೋರು ಬರ್ದಿದಾರಂತಲ್ಲ, ಹಾಗಾದ್ರೆ ನಿಮ್ಮಣ್ಣ ಸಂತೆಗೆ ಹೋಗಿದಾರೇನಮ್ಮ? ಬರೋವಾಗ ಏನಾದ್ರೂ ತರ್ತಾರಾ?” ಎಂದಳು.

ನಗುತ್ತಲೇ ಕೇಳಿದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೀವು ನನಗೆ ಮೋಸ ಮಾಡಿದಿರಿ ಎಂದು ಅವಳ ಅಡುಗೆಮನೆಯಲ್ಲಿ ನಿಂತು ನನಗೆ ಅರ್ಥವಾಯಿತು.

ವರದಿ ಹಿಂತೆಗೆದುಕೊಳ್ಳಿ. ಪ್ರತಿ ಸಾವನ್ನೂ ಅದರ ಮನೆಗೆ ಕಳಿಸಿಕೊಡಿ. ನನ್ನಣ್ಣನ ಮಗಳೂ ನಿಮ್ಮ ಲೆಕ್ಕದಲ್ಲಿ ಹೊಳೆಯಾಚೆಯವಳಾಗುವ ಮೊದಲು ಆ ಬೀಗ ತೆಗೆಸಿ.

ಇಂತಿ,
ಎಲ್ಲಿ ಬದುಕಿದರೆಂದು ಇನ್ನೂ ಕೇಳುತ್ತಲೇ ಇರುವ
ನಿಮ್ಮ ದಡ್ಡ ಶಿಷ್ಯೆ