ಅಕ್ಕಿಯಲ್ಲಿ ಬರೆದ ಹೆಸರು

ಮನೆಯವರಿಗೆ ಹೈದರಾಬಾದಿನಿಂದ ಶರಣು.

ತಂಗಿ ಭಾಗ್ಯಾಳನ್ನು ದುಬೈ ವಿಮಾನಕ್ಕೆ ಬಿಟ್ಟು ಬಂದೆ. ಅಲ್ಲಿ ಗಾಜಿನ ಬಾಗಿಲು ದಾಟುವುದಕ್ಕೂ ಟಿಕೆಟ್, ಪಾಸ್‌ಪೋರ್ಟ್ ತೋರಿಸಬೇಕು. ಅವಳು ಒಳಗೆ ಹೋದಳು, ನಾನು ಹೊರಗೇ ನಿಂತೆ. ಬಾಗಿಲಲ್ಲಿ ತಿರುಗಿ, "ಹೊಟ್ಟಿ ಉರ್ಕೋಬ್ಯಾಡ ಬೇ ಅಕ್ಕಾ, ನಿನ್ನ ಪಾಲಿನ ಪದಾನೂ ನಾನೇ ಹಾಡಿ ಬರ್ತೇನಿ" ಅಂದಳು. ಉರಿಯಿತು ನೋಡ್ರಿ! ಬೀಸುವ ಪದ ಹಾಡಲು ದುಬೈಯ ಕನ್ನಡದವರು ಕರೆದದ್ದು ಇಬ್ಬರನ್ನೂ. ಪದ ಎತ್ತುವವಳು ನಾನು, ಅವಳು ಹಿಂದೆ ದನಿ ಕೂಡಿಸುವವಳು.

ಅವಳು ಸೋದರಮಾವನನ್ನೇ ಮದುವೆಯಾಗಿ ತವರೂರು ನೆಲೋಗಿಯಲ್ಲೇ ಉಳಿದಳು, ಹೆಸರೂ ಉಳಿಯಿತು. ನೀವು ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಗಂಗುಬಾಯಿ ಎಂದು ನನಗೆ ಹೊಸ ಹೆಸರು ಬರೆದಿರಿ, ನಾನು ನಾಚಿ ನಕ್ಕೆ. ಈಗ ಶಾಲೆಯ ಕಾಗದದ ಶಶಿಕಲಾ, ಆಧಾರ್ ಕಾರ್ಡಿನ ಗಂಗುಬಾಯಿ ಒಬ್ಬಳೇ ಎನ್ನುವುದಕ್ಕೆ ಪುರಾವೆ ಬೇಕೆಂದು ನನ್ನ ಪಾಸ್‌ಪೋರ್ಟ್ ತಡೆದಿದ್ದಾರೆ. ಇದ್ದ ಒಂದು ಪುರಾವೆಯನ್ನು ನಿಮ್ಮ ಅವ್ವ ಅಂದೇ ಅನ್ನ ಮಾಡಿ ಬೀಗರಿಗೆ ಬಡಿಸಿಬಿಟ್ಟರು.

ಮೊಣಕಾಲು ನೋವು ಕಡಿಮೆಯಾಗಿದೆ. ಇಲ್ಲೇ ಕಾಕಾನ ಮನೆಯಲ್ಲಿ ಎಂಟು ದಿನ ಇದ್ದು ನಮ್ಮೂರು ಮಟಕಿಗೆ ಬರುತ್ತೇನೆ. ಅಷ್ಟರಲ್ಲಿ ಆಳಂದದ ವಕೀಲರ ಹತ್ತಿರ ಹೋಗಿ, ಶಶಿಕಲಾ, ಗಂಗುಬಾಯಿ ಇಬ್ಬರೂ ನಿಮ್ಮ ಒಬ್ಬಳೇ ಹೆಂಡತಿ ಎಂದು ಅಫಿಡವಿಟ್ ಬರೆಸಿಡಿ. ಯುಗಾದಿಗೆ ದುಬೈಯವರು ಮತ್ತೆ ಕರೆಯುತ್ತಾರಂತೆ. ಪಾಸ್‌ಪೋರ್ಟ್ ಕೈಗೆ ಬರುವತನಕ ಗಂಗೂ ಎಂದು ಕೂಗಬೇಡಿ, ನಾನು ಓ ಎನ್ನುವುದಿಲ್ಲ.

ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ
ಶಶಿಕಲಾ