ದೋಣಿಯವನೂ ಬಾವಿಯವಳೂ

ಜುಲೈ 4, ಮಂಗಳವಾರ
ಮರಗೆಣಸು ಬೇಯಲು ಇಟ್ಟೆ. ಬೇಯುವಷ್ಟರಲ್ಲಿ ಒಂದು ಪುಸ್ತಕ ಮುಗಿಯಿತು. ತೊಂಬತ್ತೇ ಪುಟ. ದೋಣಿಯವನೊಬ್ಬ ತನ್ನನ್ನು ತಾನು ಹುಡುಕುತ್ತ ಏಳು ದ್ವೀಪ ಸುತ್ತುತ್ತಾನೆ. ಇನ್ನೊಂದರಲ್ಲಿ ಹೆಂಗಸೊಬ್ಬಳು ಅಂಗಳ ಬಿಟ್ಟು ಕದಲದೆ ಬಾವಿ ತೋಡುತ್ತಾಳೆ, ತಳದ ನೀರಲ್ಲಿ ತನ್ನ ಮುಖ ಕಾಣುತ್ತಾಳೆ. ಶುಕ್ರವಾರ ಲೆವುಕಾ ಪೇಟೆಯ ಲೈಬ್ರರಿ ಸಭೆಯಲ್ಲಿ ಎರಡನ್ನೂ ಹೋಲಿಸಬೇಕು. ನಾನು ಬಾವಿಯ ಪರ. ದೋಣಿಯ ಪರ ಅಪಿಸಾಯಿ — ದೋಣಿ ಇಂಜಿನ್ ರಿಪೇರಿಯವನು, ನನ್ನ ಹಾಗೇ ಒಂಟಿ.

ಜುಲೈ 5
ಅಪಿಸಾಯಿ ಬಂದು ನನ್ನ ಬಾವಿ ಪುಸ್ತಕ ಎತ್ತಿಕೊಂಡು ಹೋದ. ಜೊತೆಗೆ ಬೆಂದ ಮರಗೆಣಸೂ. ಕೇಳುವ ಹಾಗಿಲ್ಲ. ಅವನ ಊರಿಗೂ ನಮ್ಮೂರಿಗೂ ತೌವು, ಹಿರಿಯರ ಕಾಲದ ನಂಟು. ಏನು ಎತ್ತಿಕೊಂಡರೂ, ಏನು ಬೈದರೂ ಸಿಟ್ಟಾಗಬಾರದು.
"ಲೂಸಿಯಾನಾ, ನಿನ್ನ ಬಾವೀಲಿ ಕಪ್ಪೆ ಇದೆಯೇನೇ?"
"ಇರಲಿಲ್ಲ. ಈಗ ನೀನು ಇಣುಕಿದೆಯಲ್ಲ."

ಜುಲೈ 7, ಸಂಜೆ
ಸಭೆ ಸೊಗಸಾಗಿತ್ತು. ನಾನಂದೆ — ಎರಡರಲ್ಲೂ ಅಕ್ಕಪಕ್ಕದವರೇ ಇಲ್ಲ. ಏಳು ದ್ವೀಪ ಸುತ್ತಿದವನನ್ನು ಒಬ್ಬರೂ ಊಟಕ್ಕೆ ಕರೆಯಲಿಲ್ಲವೇ? ಇವಳ ಮನೆಗೆ ಯಾರೂ ಉಪ್ಪು ಕೇಳಲು ಬರಲಿಲ್ಲವೇ? ಆದರೂ ಬಾವಿಯೇ ಮೇಲು. ದೋಣಿಯವನಿಗೆ ಸಿಕ್ಕಿದ್ದು ಅವನೊಬ್ಬನಿಗೆ. ಬಾವಿ ನೀರು ಊರಿಗೆಲ್ಲ.
ಅಪಿಸಾಯಿ ಎದ್ದು ನನ್ನತ್ತ ಕೈ ತೋರಿಸಿದ. "ಸೋತೆ ಕಣ್ರಪ್ಪಾ. ಸುತ್ತಿದ್ದು ಸಾಕು. ಇವಳನ್ನೇ ಮದುವೆಯಾಗಿ ಬಾವಿ ಕಟ್ಟೆ ಮೇಲೆ ಕೂತ್ಕೋತೀನಿ."
"ನಿನ್ನ ಹೊಟ್ಟೆ ಭಾರಕ್ಕೆ ಕಟ್ಟೆ ಮುರಿದೀತು" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೊಬ್ಬ ನಗಲಿಲ್ಲ.

ಜುಲೈ 8
ನಿಜವೋ, ತಮಾಷೆಯೋ? ತೌವು ಅಂದರೆ ಇದೇ ಕಷ್ಟ. ಕೇಳಹೋದರೆ ನಾನೇ ನಗೆಪಾಟಲು. ಐವತ್ತಾರಕ್ಕೆ ಇದೇನು ಹುಚ್ಚು… ನಿಜವಾಗಿರಲಿ ಅಂತ ಆಸೆ. ಇಲ್ಲಿ ಬರೆದೇ ಬಿಟ್ಟೆ.

ಜುಲೈ 19
ಆಸಾಮಿ ಪತ್ತೆಯಿಲ್ಲ. ಫೆರ್ರಿ ಹತ್ತಿ ಊರಿಗೆ ಹೋದನಂತೆ. ತಮಾಷೆಯೇ ಇರಬೇಕು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಜುಲೈ 22, ಬೆಳಿಗ್ಗೆ 10
ಅಣ್ಣನ ಮನೆ, ಅಡುಗೆಕೋಣೆ. ಹೊರಗೆ ಚಾಪೆಯ ಮೇಲೆ ಅಪಿಸಾಯಿಯ ಊರಿನ ಹಿರಿಯರು ಮೂವರು. ಅಣ್ಣನ ಮುಂದೆ ಶಾಸ್ತ್ರದ ತಿಮಿಂಗಿಲದ ಹಲ್ಲು ಇಟ್ಟು ಅವನಿಗೆ ನನ್ನನ್ನು ಹೆಣ್ಣು ಕೇಳುತ್ತಿದ್ದಾರೆ. ಆ ಹಲ್ಲು ಇಟ್ಟು ಯಾರೂ ತಮಾಷೆ ಮಾಡುವುದಿಲ್ಲ. ಅವನು ಹಿಂದೆ ಕೂತಿದ್ದಾನೆ, ತಲೆ ತಗ್ಗಿಸಿ.
ಅಣ್ಣನ ಮಗಳು ಕೆಲೆರಾ ಬಂದಳು. "ಅತ್ತೆ, ಅಪ್ಪ ಕೇಳ್ತಿದಾರೆ. ಏನು ಹೇಳ್ಲಿ?"
"ಹೂಂ ಅಂತ ಹೇಳು."
"ಮೆಲ್ಲಗೆ ಹೇಳತ್ತೆ, ಅವರಿಗೆಲ್ಲ ಕೇಳಿಸ್ತು."
ಚಪ್ಪಾಳೆ ಬಿತ್ತು. ಅವನು ತಲೆ ಎತ್ತಿ ಬಾಗಿಲ ಕಡೆಗೇ ನೋಡುತ್ತಿದ್ದಾನೆ. ಮಾತಿನ ಮಲ್ಲನ ಕಣ್ಣಲ್ಲಿ ನೀರು. ನನಗೂ. ಇಷ್ಟು ಸಂತೋಷ ನಾನು —