ಕಣದ ಮೇಲೆ ಬರಿಗಾಲಲ್ಲಿ

ಕ್ಯಾತನಹಳ್ಳಿ
೧೨-೪-೧೯೯೮

ಪ್ರೀತಿಯ ಅರ್ಪಿತಾ,

ನಿನ್ನ ಕಾಗದ ಕೈಸೇರಿ ತಿಂಗಳ ಮೇಲಾಯಿತು. ಬೈಯುವುದಿದ್ದರೆ ಬೈದುಕೋ, ಆದರೆ ಕೋಪ ಮಾಡಿಕೊಂಡು ಸುಮ್ಮನಿದ್ದೆ ಅಂತ ಮಾತ್ರ ತಿಳಿಯಬೇಡ. ಬರೆಯೋಣ ಅಂತ ಕೂತಾಗಲೆಲ್ಲ ‘ಪ್ರೀತಿಯ ಅರ್ಪಿತಾ’ ಅಂತ ಬರೆದು ಎದ್ದು ಹೋಗುತ್ತಿದ್ದೆ. ಇಲ್ಲಿ ಎಲ್ಲರೂ ಆರಾಮ. ಕೆಂದ ಹಸು ಹೆಣ್ಣುಗರು ಹಾಕಿದೆ. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಒಂಚೂರೂ ಕಮ್ಮಿಯಾಗಿಲ್ಲ. ನಿಮ್ಮ ಹಾಸ್ಟೆಲಿನ ಸಾರು ಈಗಲೂ ನೀರೇನಾ?

ದೊಡ್ಡ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಹೋದ ಭಾನುವಾರ ನನ್ನ ವೀಳ್ಯದ ಶಾಸ್ತ್ರ ಆಯಿತು. ನಾಗಮಂಗಲದವರು. ಹುಡುಗನ ಹೆಸರು ಶಿವಶಂಕರ್, ಗೊಬ್ಬರದ ಅಂಗಡಿ ಇದೆ. ಕೆಟ್ಟವನಲ್ಲ ಕಣೇ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. “ನಿಮ್ಗೆ ಏನಿಷ್ಟ?” ಅಂತ ಮೆತ್ತಗೆ ಕೇಳಿದ. ನಾನು “ಅಡುಗೆ” ಅಂದೆ. ನನ್ನ ಅಡುಗೆ ನಿನಗೆ ಗೊತ್ತಲ್ಲ, ನಮ್ಮ ನಾಯಿಯೂ ಮೂಸಿ ನೋಡಿ ಆಚೆ ಹೋಗುತ್ತದೆ.

ಅಪ್ಪನ ಮೇಲೆ ನೀನು ಸಿಟ್ಟಾಗಬೇಡ. ಅವರು ಆಡಿದ ಮಾತಿಗೆ ತಪ್ಪಲಿಲ್ಲ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ಹೇಳಿಕೊಳ್ಳಲು ಇನ್ಯಾರಿದ್ದಾರೆ ನನಗೆ? ದಸರೆಗೆ ಮೈಸೂರಿಗೆ ಬಂದಾಗ ವಸ್ತುಪ್ರದರ್ಶನದಲ್ಲಿ, ಗಾಲಿ ಹಲಗೆಯ ಆಟ ಕಲಿಸುವ ಆ ಮೇಷ್ಟ್ರ ತಂಡದ ಆಟ ತೋರಿಸಿದ್ದು ನೀನೇ. ಸ್ಕೇಟ್‌ಬೋರ್ಡಿನ ಮೇಲೆ ನಿಂತವರು ಕೈಯಲ್ಲಿ ಮುಟ್ಟದೆ, ಹಲಗೆ ಸಮೇತ ಚಂಗನೆ ನೆಗೆದು ಇಟ್ಟಿಗೆ ದಾಟಿ ಅದರ ಮೇಲೇ ಇಳಿದರಲ್ಲ, ನನ್ನ ಜೀವ ಅಲ್ಲೇ ಸಿಕ್ಕಿಹಾಕಿಕೊಂಡಿತು. ನನ್ನ ಹತ್ತಿರವೂ ಒಂದು ಬೋರ್ಡಿದೆ ಅಂತ ನಿನ್ನ ಬಾಯಿ ಸುಮ್ಮನಿರದೆ ಅವರಿಗೆ ಹೇಳಿಯೂಬಿಟ್ಟಿತು. ಕನ್ನಂಬಾಡಿ ಹೋಟೆಲಿನಲ್ಲಿ ಯಾರೋ ವಿದೇಶದವರ ಮಗ ಬಿಟ್ಟುಹೋದದ್ದನ್ನು ನಮ್ಮ ತಿಮ್ಮರಾಜು ಮಾವ ತಂದುಕೊಟ್ಟಿದ್ದು ಅದು. “ಶಿವರಾತ್ರಿ ಕಳೆದ ಮೇಲೆ ಬಾಮ್ಮ. ಒಂದು ಇಟ್ಟಿಗೆ ದಾಟಿ ತೋರಿಸು. ತಂಡಕ್ಕೆ ಹುಡುಗಿ ಬೇಕು. ಇರೋದಕ್ಕೆ ಜಾಗ ಕೊಟ್ಟು ಡಿಗ್ರಿಗೂ ಸೇರಿಸ್ತೀವಿ” ಅಂದರು ಮೇಷ್ಟ್ರು.

ಮನೆಗೆ ಬಂದು ಅಪ್ಪನ ಮುಂದೆ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟುಕೊಂಡರು. ಆಮೇಲೆ, “ಗೆದ್ಕಂಡ್ ಬಾ, ಡಿಗ್ರಿ ಮುಗಿಯೋಗಂಟ ಗಂಡಿನ್ ಮಾತೇ ಎತ್ತಕಿಲ್ಲ. ಆಗ್ನಿಲ್ವಾ, ನಾನ್ ತೋರ್ಸಿದ್ ಗಂಡ್ನ ಒಪ್ಕಬೇಕು. ಆಮ್ಯಾಕೆ ಅತ್ಕಂಡ್ ಕೂತ್ಕಬಾರ್ದು” ಅಂದರು. ನಾನು ಹಿಂದೆಮುಂದೆ ನೋಡದೆ “ಆಯ್ತಪ್ಪ” ಅಂದುಬಿಟ್ಟೆ. ಆಗ ನನಗೆ ಅಷ್ಟು ಧೈರ್ಯ ಇತ್ತು.

ಊರಿನ ರಸ್ತೆ ನಿನಗೆ ಗೊತ್ತೇ ಇದೆ, ಗಾಡಿಯೇ ಕುಂಟುತ್ತದೆ. ನುಣ್ಣಗಿರುವುದು ಅಂದರೆ ನಮ್ಮ ಹಿತ್ತಲ ಸಿಮೆಂಟಿನ ಕಣ ಒಂದೇ. ಭತ್ತದ ರಾಶಿ ಹಾಕಿ ಪೂಜೆ ಮಾಡುವ ಜಾಗ. ಅಲ್ಲಿಗೆ ನಮ್ಮ ಮನೆಯಲ್ಲಿ ಯಾರೂ ಮೆಟ್ಟು ಮೆಟ್ಟಿಕೊಂಡು ಹೋಗುವುದಿಲ್ಲ, ಬಂದ ನೆಂಟರೂ ಬಿಚ್ಚಿಯೇ ಹತ್ತಬೇಕು. ನಾನೂ ಅಂಚಿನಲ್ಲಿ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೇ ಶುರುಮಾಡುತ್ತಿದ್ದೆ.

ಹಿಂದಿನ ಕಾಲಿನಲ್ಲಿ ಹಲಗೆಯ ಬಾಲವನ್ನು ನೆಲಕ್ಕೆ ಬಡಿಯಬೇಕು. ಅದರ ಮೂತಿ ಮೇಲೇಳುತ್ತಿದ್ದ ಹಾಗೇ ಮುಂದಿನ ಕಾಲನ್ನು ಹಲಗೆಗೆ ಉಜ್ಜುತ್ತಾ ಮೇಲಕ್ಕೆಳೆದುಕೊಳ್ಳಬೇಕು. ಆಗ ಹಲಗೆ ಜೊತೆಗೇ ಬರುತ್ತದೆ. ನನ್ನದು ಬರಲೇ ಇಲ್ಲ ಕಣೇ. ಅದರ ಮೇಲೆ ಉಪ್ಪುಕಾಗದದಂಥದ್ದೇನೋ ಅಂಟಿಸಿದ್ದಾರಲ್ಲ, ಉಜ್ಜಿದ ಕೂಡಲೇ ಕಿರುಬೆರಳಿನ ಪಕ್ಕದ ಚರ್ಮ ಕಿತ್ತುಬರುತ್ತಿತ್ತು. ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು, ಹಲಗೆ ಅತ್ತ, ನಾನು ಇತ್ತ. ಅವ್ವ ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದಳು. ಬಟ್ಟೆ ಕಟ್ಟಿಕೊಂಡು ನೆಗೆದರೆ ಜಾರಿ ಅಂಡು ಒಡೆದುಕೊಳ್ಳುತ್ತಿದ್ದೆ. ಅಜ್ಜಿ ಜಗಲಿಯ ಮೇಲೆ ಕೂತು, “ನೋಡ್ರವ್ವ, ಈ ಪುಟ್ಟಗೌರಮ್ಮನ್ ಮೊಮ್ಮಗ್ಳು ಕಪ್ಪೆ ನೆಗ್ದಂಗೆ ನೆಗೀತಾವ್ಳೆ! ಆ ಗಾಲಿ ಮಣೆ ತತ್ತಾ ಇತ್ಲಾಗೆ, ಕೂತ್ಕಂಡ್ ಸೊಪ್ಪಾದ್ರೂ ಬಿಡುಸ್ತೀನಿ” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಸುಗ್ಗಿಯಲ್ಲಿ ಕಣದ ತುಂಬ ಭತ್ತ, ಆದರೂ ಒಂದು ಮೂಲೆ ಉಳಿಸಿಕೊಂಡು ನೆಗೆದೆ. ನನ್ನ ಕೈಲಿ ಆಗುವುದಿಲ್ಲ ಅಂತ ಒಳಗೊಳಗೇ ಗೊತ್ತಾಗುತ್ತಿತ್ತು. ಬಿಡಲು ಮಾತ್ರ ಆಗಲಿಲ್ಲ.

ಮೇಷ್ಟ್ರ ಪರೀಕ್ಷೆಯ ದಿನ ಹೇಗಾಯಿತು ಅಂತ ನೀನು ಕೇಳಿದ್ದೀಯ. ಅವತ್ತೇ ನಿನಗೆ ಪ್ರಾಕ್ಟಿಕಲ್ಸ್ ಬೀಳಬೇಕಿತ್ತೇ! ನೀನಿದ್ದಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದೆಯೇನೋ. ಕಾಲೇಜಿನ ಆಟಕ್ಕೆ ತೆಗೆಸಿಕೊಂಡಿದ್ದ ಕ್ಯಾನ್ವಾಸ್ ಶೂಗೆ ಬಿಳಿ ಬಳಿದು, ಮರ್ಯಾದಸ್ಥರ ಹಾಗೆ ಹಾಕಿಕೊಂಡು, ಪಾಂಡವಪುರದಿಂದ ಅಪ್ಪನ ಜೊತೆ ಮೈಸೂರಿನ ಬಸ್ಸು ಹತ್ತಿದೆ. ಮೇಷ್ಟ್ರು ಆಟ ಕಲಿಸುವ ಅಂಗಳ ನಮ್ಮ ಕಣದಂತೆಯೇ ನುಣುಪು ಸಿಮೆಂಟು. ಅಂಚಿಗೆ ಬಂದ ಕೂಡಲೇ ಶೂ ಬಿಚ್ಚಿ ಗೋಡೆ ಪಕ್ಕ ಜೋಡಿಸಿಟ್ಟೆ. ನೆಲ ಮುಟ್ಟಿ ನಮಸ್ಕಾರ ಮಾಡಿದೆ. ಮೇಷ್ಟ್ರು “ಬರಿಗಾಲಲ್ಲೇ ಮಾಡ್ತೀಯೇನಮ್ಮ?” ಅಂದರು. “ಹೌದು ಸಾರ್, ಯಾವಾಗ್ಲೂ ಅಂಗೇ” ಅಂದೆ, ಹೆಮ್ಮೆಯಿಂದ. ಇವಳೇನೋ ಭಾರಿ ಪಳಗಿದವಳು ಅಂದುಕೊಂಡರೋ ಏನೋ, ಸರಿ ಅಂತ ಇಟ್ಟಿಗೆ ತಂದಿಟ್ಟರು. ಕೊಟ್ಟ ಅವಕಾಶವೆಲ್ಲ ಮುಗಿಯಿತು, ಇಟ್ಟಿಗೆ ದಾಟಲಾಗಲಿಲ್ಲ. ನನ್ನ ಹಿಂದೆ ಬಂದ ಹುಡುಗಿ ದಾಟಿದಳು. ಜಾಗ ಅವಳಿಗೆ ಸಿಕ್ಕಿತು.

ವಾಪಸು ಬರುವಾಗ ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತಿತು. ಅಪ್ಪ ಇಳಿದು ಹೋಗಿ ಸೌತೆಕಾಯಿ ತಂದು ಕೈಗಿಟ್ಟರು. “ತಿನ್ನವ್ವ” ಅಂದರು. ಅಷ್ಟೇ. ಗೆದ್ದೆ ಅನ್ನುವ ಮುಖ ಮಾಡಲಿಲ್ಲ. ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅದಾದ ವಾರಕ್ಕೆ ನಿನ್ನ ಕಾಗದ ಬಂತು. ‘ಮೇಷ್ಟ್ರು ಸಿಕ್ಕಿದ್ದರು. ಬೂಟಿನ ಪಕ್ಕ ಉಜ್ಜಿದರೇನೇ ಹಲಗೆ ಮೇಲಕ್ಕೆ ಬರುವುದಂತೆ, ಹೊಸಬರು ಯಾರೂ ಬರಿಗಾಲಲ್ಲಿ ಕಲಿಯುವುದಿಲ್ಲವಂತೆ. ನೀನ್ಯಾಕೆ ಶೂ ಬಿಚ್ಚಿದೆ ಮಾರಾಯ್ತಿ?’ ಅಂತ ಬರೆದಿದ್ದೆ. ಓದಿ ಮೊದಲು ನಗು ಬಂತು. ಆಮೇಲೆ ಎರಡು ದಿನ ಊಟ ಸೇರಲಿಲ್ಲ. ಯಾರೂ ಹೇಳಲಿಲ್ಲ ಅಂತ ಯಾರ ಮೇಲೆ ಹಾಕಲಿ? ದಸರೆಯಲ್ಲಿ ಅವರ ಕಾಲನ್ನೇ ಕಣ್ಣು ಬಿಟ್ಟುಕೊಂಡು ನೋಡಿದ್ದೆ, ಕಾಲಿನಲ್ಲಿದ್ದ ಶೂ ನನಗೆ ಕಾಣಲೇ ಇಲ್ಲ.

ಇರಲಿ. ಮದುವೆ ವೈಶಾಖದಲ್ಲಿ. ನೀನು ಹಿಂದಿನ ದಿನವೇ ಬಂದುಬಿಡಬೇಕು, ಪರೀಕ್ಷೆ ಗಿರೀಕ್ಷೆ ಅಂದರೆ ಕೇಳುವುದಿಲ್ಲ. ಚೆನ್ನಾಗಿ ಓದು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನಸ್ಸಿನಲ್ಲಿರುವುದೆಲ್ಲ ಆಗಲಿ ಅಂತ ನಮ್ಮ ಮನೆದೇವರಿಗೆ ದಿನಾ ಕೈಮುಗಿಯುತ್ತೇನೆ, ನನ್ನ ಪಾಲಿನದನ್ನೂ ಸೇರಿಸಿ ನಿನಗೇ ಕೊಡಲಿ.

ನಿನ್ನವಳೇ,
ಪ್ರಮೀಳಾ

ತಾ.ಕ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಸಾಯಂಕಾಲ ಎಲ್ಲರೂ ಸೀರೆ ತರಲು ಕೆ.ಆರ್. ಪೇಟೆಗೆ ಹೋಗಿದ್ದರು, ಅಜ್ಜಿ ಮಲಗಿದ್ದಳು. ಶೂ ಹಾಕಿಕೊಂಡು ಕಣ ಹತ್ತಿದೆ. ತಪ್ಪಾಯಿತು ಅಂತ ಕೈಮುಗಿದುಕೊಂಡೇ ಹತ್ತಿದೆ. ಬಂತು ಕಣೇ. ಕತ್ತಲಾಗುವುದರೊಳಗೆ ಬಂತು. ಇಟ್ಟಿಗೆ ದಾಟಿ, ಹಲಗೆಯ ಮೇಲೇ ಇಳಿದು, ಕಣದ ಆ ತುದಿಯವರೆಗೂ ಹೋದೆ. ತಿರುಗಿದರೆ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ನಾನು ನೆಗೆದದ್ದನ್ನು ಅವಳು ನೋಡಲೇ ಇಲ್ಲ. “ಅಯ್ಯೋ ಮುಂಡೇದೇ, ಕಣದ್ ಮ್ಯಾಲೆ ಮೆಟ್ಟು ಮೆಟ್ಟಿದ್ದೀಯಲ್ಲೇ!” ಅಂತ ಬಾಯಿ ಬಡಿದುಕೊಂಡಳು. ಬಿಚ್ಚಿ, ನೀರು ಹಾಕಿ ಇಡೀ ಕಣ ತೊಳೆದೆ.

ಬರದೇ ಇದ್ದಿದ್ದರೆ ಚೆನ್ನಾಗಿತ್ತು ಅರ್ಪಿ. ನನ್ನ ಕೈಲಾಗದ್ದು ಅಂತ ನಾಗಮಂಗಲಕ್ಕೆ ನೆಮ್ಮದಿಯಾಗಿ ಹೋಗುತ್ತಿದ್ದೆ. ಮೇಷ್ಟ್ರಿಗೆ ಹೇಳಬೇಡ. ಅಪ್ಪನಿಗಂತೂ ಬೇಡವೇ ಬೇಡ.